ವಾಲ್ವಿಗೆ ನೇತುಹಾಕಿದ ಇಸ್ತ್ರಿಪೆಟ್ಟಿಗೆ

ಆ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವಷ್ಟು ಗುಂಡಿಗೆ ಯಾರಿಗಿತ್ತು? ಬಾಯ್ಲರ್ ಕೋಣೆಯ ಬಾಗಿಲ ಪಕ್ಕ ಕೈಗಳಿದ್ದ ಒಂದು ಮರದ ಕುರ್ಚಿ ಇತ್ತು. ಆಸ್ಪತ್ರೆಯ ಯಾವುದೋ ದೊಡ್ಡ ಡಾಕ್ಟರು ಕೂತು ಕೂತು ಸವೆಸಿ ಬಿಸಾಕಿದ್ದು. ಅದರಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಹೆಗಲ ಮೇಲೆ ಮಸಿ ಹಿಡಿದ ಟವೆಲ್ ಇಳಿಬಿಟ್ಟು ಕೂತನೆಂದರೆ ಆಯಿತು, ಮ್ಯಾನೇಜರ್ ಕೂಡ ಬಾಗಿಲಲ್ಲಿ ನಿಂತು ಕೆಮ್ಮಿಯೇ ಒಳಗೆ ಬರಬೇಕು.

ದೊರೆಯ ರಾಜ್ಯವೇನೂ ದೊಡ್ಡದಲ್ಲ. ಒಂದು ಹಳೆಯ ಬಾಯ್ಲರು, ಅದರ ಕೆಳಗೆ ಧಗಧಗ ಉರಿಯುವ ಒಲೆ, ಗೋಡೆಗೆ ಪೇರಿಸಿದ ಸೌದೆ, ಕೆಂಡ ಎಳೆಯುವ ಉದ್ದನೆಯ ಕಬ್ಬಿಣದ ಕೋಲು. ಒಳಗೆ ಹುಟ್ಟಿದ ಆವಿ ಪೈಪುಗಳಲ್ಲಿ ಹಾದು ಗೋಡೆಯಾಚೆಯ ಇಸ್ತ್ರಿ ಹಾಲಿಗೆ ಹೋಗುತ್ತಿತ್ತು. ಅಲ್ಲಿ ಬಿಸಿ ರೋಲರುಗಳ ಮುಂದೆ ಹೆಂಗಸರು ಇಬ್ಬಿಬ್ಬರಾಗಿ ನಿಂತು ಆಸ್ಪತ್ರೆಯ ಬೆಡ್‌ಶೀಟುಗಳನ್ನು ಈ ಕಡೆಯಿಂದ ಒದ್ದೆಯಾಗಿ ಬಿಟ್ಟು ಆ ಕಡೆಯಿಂದ ಗರಿಗರಿಯಾಗಿ ಎಳೆದುಕೊಳ್ಳುತ್ತಿದ್ದರು. ಗೋಡೆಗೆ ಅಂಟಿಕೊಂಡಿದ್ದ ಮೊದಲನೆಯ ರೋಲರಿನ ಹತ್ತಿರ ನಿಲ್ಲುತ್ತಿದ್ದವಳು ದೊರೆಯ ಹೆಂಡತಿ. ಗೋಡೆಯ ಈಚೆ ಗಂಡ, ಆಚೆ ಹೆಂಡತಿ.

ಅವನು ಕೆಟ್ಟವನಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಬೂದಿ ಹೊರುವ ಕೆಲಸಕ್ಕೆ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ, ಬಾಯ್ಲರಿನ ಜವಾಬ್ದಾರಿ ಹೊತ್ತವನು. ಕುಡಿತವಿಲ್ಲ, ಜೂಜಿಲ್ಲ, ಕೆಲಸಕ್ಕೆ ಚಕ್ಕರ್ ಹೊಡೆದದ್ದಿಲ್ಲ. ಅವನಿರುವಾಗ ಆವಿ ನಿಂತು ಆಸ್ಪತ್ರೆಯ ರೋಗಿ ಬರಿಯ ಮಂಚದ ಮೇಲೆ ಮಲಗಿದ ಉದಾಹರಣೆ ಇರಲಿಲ್ಲ. ಇಷ್ಟೆಲ್ಲ ಇದ್ದ ಮನುಷ್ಯನಿಗೆ ಒಂದೇ ಒಂದು ರೋಗ. ಅವನಿಗೆ ಯಾರೂ ಏನೂ ಹೇಳುವಂತಿರಲಿಲ್ಲ. ಮಳೆ ಬರುವ ಹಾಗಿದೆ, ಕೊಡೆ ತಗೊಂಡು ಹೋಗಿ ಅಂದರೆ ಸಾಕು, ಕೊಡೆಯನ್ನು ಮೊಳೆಗೆ ಸಿಕ್ಕಿಸಿಯೇ ಹೊರಡುತ್ತಿದ್ದ. ತೊಪ್ಪೆಯಾಗಿ ಬಂದು, ಸೀನುತ್ತ, ಇದೇನು ಮಳೆಯಾ ಎನ್ನುತ್ತಿದ್ದ.

ಹೆಂಡತಿ ಮಾತ್ರ ಬಿಡದೆ ಹೇಳುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ಪ್ರಾರ್ಥನಾ ಸಭೆಗೆ ಅವಳು ಹೋಗಲು ಶುರುಮಾಡಿ ವರ್ಷಗಳಾಗಿದ್ದವು. ಮಗುವೊಂದು ಹುಟ್ಟಿ ನಾಲ್ಕು ದಿನಕ್ಕೆ ಕಣ್ಣುಮುಚ್ಚಿದ ಕಾಲದಲ್ಲಿ, ಜೊತೆಯಲ್ಲಿ ಶೀಟು ಮಡಿಸುವ ಹೆಂಗಸೊಬ್ಬಳು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕಿಟಕಿಯಿಂದ ರಬ್ಬರಿನ ವಾಸನೆ ಬರುವ ಆ ಕೋಣೆಯಲ್ಲಿ ಅವಳು ಯೇಸುಸ್ವಾಮಿಯ ಮುಂದೆ ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಕಕ್ಕಿ ಅತ್ತಳು, ಎದ್ದಾಗ ಬೇರೆಯವಳಾಗಿದ್ದಳು. ಆ ನೆಮ್ಮದಿ ಗಂಡನಿಗೂ ಸಿಗಲಿ ಎನ್ನುವುದೊಂದೇ ಅವಳ ಆಸೆ. ದಿನಾ ಬೆಳಿಗ್ಗೆ ಟೀ ಲೋಟ ಕೈಗಿಡುವಾಗ ಅವಳ ಮಾತು ಶುರುವಾಗುತ್ತಿತ್ತು.

“ರೀ, ಒಂದು ಮಾತು.”

“ಒಂದೇ ಮಾತಾದ್ರೆ ಹೇಳು. ನಿನ್ನ ಒಂದು ಮಾತಿಗೆ ಬಾಲ ಬಹಳ ಉದ್ದ.”

“ಈ ಭಾನುವಾರ ಒಂದು ಸಲ ಬನ್ನಿ. ನಿಮ್ಮಂಥವರನ್ನೇ ಅವನು ಹುಡುಕ್ತಿರೋದು.”

“ನನ್ನನ್ನ ಹುಡುಕೋದೇನು ಬಂತು? ಬಾಯ್ಲರ್ ಕೋಣೇಲೇ ಇರ್ತೀನಿ. ಬರಕ್ಕೆ ಹೇಳು ನಿನ್ನ ಸ್ವಾಮಿಗೆ, ಟೀ ಕೊಡ್ತೀನಿ.”

ತನ್ನ ಜಾಣತನಕ್ಕೆ ತಾನೇ ನಗುತ್ತ ಹೊರಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, ಅವನು ತಿರುವಿನಲ್ಲಿ ಮರೆಯಾಗುವವರೆಗೆ ತುಟಿ ಅಲ್ಲಾಡಿಸುತ್ತಿದ್ದಳು. ಬೈಯುತ್ತಿದ್ದಾಳೆಂದು ಅವನು ತಿಳಿದಿದ್ದ. ಅವಳು ಪ್ರಾರ್ಥಿಸುತ್ತಿದ್ದಳು.

ಇನ್ನು ಆ ವಾಲ್ವಿನ ಕಥೆ. ಬಾಯ್ಲರಿನ ನೆತ್ತಿಯ ಮೇಲೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಒಳಗೆ ಒತ್ತಡ ಮಿತಿ ಮೀರಿದರೆ ಅದು ತಾನಾಗಿ ಬಾಯಿ ಬಿಟ್ಟು, ಆವಿಯನ್ನು ಹೊರಗೆ ಉಗುಳಿ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಕೆಳಗೆ ಒಂದು ಗೇಜು, ಅದರ ಮುಳ್ಳು ಒತ್ತಡ ಎಷ್ಟೆಂದು ತೋರಿಸುತ್ತದೆ. ಆ ವರ್ಷ ತಪಾಸಣೆಯವರು ಬಂದುಹೋದ ಸ್ವಲ್ಪ ದಿನಕ್ಕೆ ವಾಲ್ವ್ ಹೊತ್ತುಗೊತ್ತಿಲ್ಲದೆ ಕೂಗಲು ಹತ್ತಿತು. ಗೇಜಿನ ಮುಳ್ಳು ನೋಡಿದರೆ ಕೆಂಪು ಗೆರೆಯಿಂದ ಎಷ್ಟೋ ಕೆಳಗೆ. ಕೂಗಿದಾಗಲೆಲ್ಲ ಆವಿ ಪೋಲು, ರೋಲರು ತಣ್ಣಗೆ, ಇಸ್ತ್ರಿ ಹಾಲಿನಿಂದ ಹೆಂಗಸರ ಗೊಣಗಾಟ. ದೊರೆಗೆ ರೇಗಿತು. ಇಂಥ ಹೊತ್ತಿನಲ್ಲಿ ಆ ಕಸುಬಿನವರು ಮಾಡುವ ತಪ್ಪು ಒಂದಿದೆ, ಅವನೂ ಅದನ್ನೇ ಮಾಡಿದ. ಕೆಟ್ಟು ಮೂಲೆ ಸೇರಿದ್ದ ಕಬ್ಬಿಣದ ಇಸ್ತ್ರಿಪೆಟ್ಟಿಗೆಯೊಂದನ್ನು ತಂದು, ಏಣಿ ಹತ್ತಿ, ವಾಲ್ವಿನ ಸನ್ನೆಕೋಲಿಗೆ ತಂತಿಯಲ್ಲಿ ಬಿಗಿದು ನೇತುಹಾಕಿದ. ಆ ಭಾರಕ್ಕೆ ವಾಲ್ವಿನ ಬಾಯಿ ಮುಚ್ಚಿತು.

ಆಗ ಅವನ ಜೊತೆ ಕೆಲಸ ಮಾಡುತ್ತಿದ್ದವನು ಒಡಹುಟ್ಟಿದ ತಮ್ಮ. ಅಪ್ಪ ತೀರಿಕೊಂಡ ಮೇಲೆ ದೊರೆಯೇ ಎತ್ತಿ ಆಡಿಸಿ, ಕೆಲಸ ಕಲಿಸಿ, ಮದುವೆ ಮಾಡಿಸಿದ ತಮ್ಮ. ಪೈಪು, ವೆಲ್ಡಿಂಗು ಎರಡರಲ್ಲೂ ಕೈ ಪಳಗಿದವನು. ಅವನು ಇಸ್ತ್ರಿಪೆಟ್ಟಿಗೆ ನೋಡಿ ಹೌಹಾರಿದ. ಅಣ್ಣ ಯಾವುದೋ ಪೈಪಿನ ಸೋರಿಕೆ ನೋಡಲು ಇಸ್ತ್ರಿ ಹಾಲಿಗೆ ಹೋಗಿದ್ದಾಗ ಅಲ್ಲಿಗೇ ಓಡಿ ಬಂದ.

“ಅಣ್ಣಾ, ವಾಲ್ವ್ ಸರಿಯಾಗೇ ಇದೆ. ಗೇಜೇ ಸುಳ್ಳು ಹೇಳ್ತಿದೆ. ಅದರ ಪೈಪ್ ಕಟ್ಕೊಂಡಿರಬೇಕು. ಆ ಪೆಟ್ಟಿಗೆ ಬಿಚ್ಚಿಬಿಡು.”

“ನನಗೆ ಹೇಳಿಕೊಡ್ತೀಯೇನೋ?”

“ಹೇಳಿಕೊಡೋದಲ್ಲ ಅಣ್ಣಾ. ಗೋಡೆ ಆಚೆ ಇಷ್ಟು ಜನ ಇದ್ದಾರೆ. ಅತ್ತಿಗೆ ಇದ್ದಾರೆ.”

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ದೊರೆಗೆ ಅಷ್ಟೇ ಸಾಕಾಯಿತು. ಎಲ್ಲರೆದುರಿಗೆ ತಮ್ಮನ ಕೆನ್ನೆಗೆ ಪಟೀರೆಂದು ಬಿಗಿದ. ತಮ್ಮ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ, ಅಣ್ಣನನ್ನು ಒಂದು ಸಲ ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದ. ಊರಿನ ಇನ್ನೊಂದು ತುದಿಯಲ್ಲಿ ವೆಲ್ಡಿಂಗ್ ಶೆಡ್ ಹಾಕಿಕೊಂಡನೆಂದು ಆಮೇಲೆ ತಿಳಿಯಿತು. ದೊರೆ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟ.

ಅಂದಿನಿಂದ ಹೆಂಡತಿಯ ಬೆಳಗಿನ ಮಾತು ಗಟ್ಟಿಯಾಯಿತು. “ರೀ, ಆ ಕೈಯಲ್ಲಿ ಹೇಗೆ ಅನ್ನ ಕಲಸ್ತೀರಿ? ಹೋಗಿ ಮೈದುನನ್ನ ಕರ್ಕೊಂಡು ಬನ್ನಿ. ತನ್ನನ್ನ ಹೊಡೆದವರನ್ನೂ ಕ್ಷಮಿಸಿದವನ ಮುಂದೆ ಒಂದಿನ ನಿಲ್ಲಬೇಕು, ಏನಂತ ನಿಲ್ತೀರಿ?” ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಸಭೆಯ ಪಾಸ್ಟರ್ ಅಯ್ಯನವರೂ ಒಂದು ದಿನ ಬಂದರು. ತುಂಬ ಎತ್ತರದ ಮನುಷ್ಯ. ಬಾಯ್ಲರ್ ಕೋಣೆಯ ಬಾಗಿಲಿಗೆ ಹಣೆ ಹೊಡೆಸಿಕೊಂಡೇ ಒಳಗೆ ಬಂದರು. ದೊರೆ ಮುಸಿಮುಸಿ ನಗುತ್ತ ಅವರಿಗೆ ಸೌದೆಯ ಮೇಲೆ ಜಾಗ ತೋರಿಸಿದ, ಕುರ್ಚಿ ಬಿಟ್ಟುಕೊಡಲಿಲ್ಲ.

“ನೀವು ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ,” ಎಂದರು ಅಯ್ಯನವರು, ಹಣೆ ಉಜ್ಜಿಕೊಳ್ಳುತ್ತ. “ಅದಕ್ಕೇ ನನಗೆ ಭಯ. ನನಗೆ ಕಾಯಿಲೆನೇ ಇಲ್ಲ ಅನ್ನೋರಿಗೆ ಯಾರು ಔಷಧ ಕೊಡೋಕಾಗುತ್ತೆ?”

“ನನ್ನ ಲೆಕ್ಕದಲ್ಲಿ ನಾನು ಸರಿ ಇದ್ದೀನಿ ಅಯ್ಯನವರೇ.”

“ನಿಮ್ಮ ಲೆಕ್ಕದಲ್ಲಿ ಹೌದು. ದೇವರ ಮುಂದೆ ನಿಂತಾಗ ಗೇಜು ನಿಮ್ಮದಿರಲ್ಲ. ಈಗಲೇ ತಿರುಗಿಕೊಳ್ಳಿ. ಕಾಯ್ತಿದ್ದಾನೆ, ಅಷ್ಟೇ ನಾನು ಹೇಳೋಕೆ ಬಂದಿದ್ದು.” ಹೋಗುವಾಗಲೂ ಅವರು ಬಾಗಿಲಿಗೆ ಹಣೆ ಹೊಡೆಸಿಕೊಂಡರು. ಆ ವಾರವೆಲ್ಲ ದೊರೆ ಅದನ್ನು ನೆನೆಸಿಕೊಂಡು ನಕ್ಕ, ಮಾತನ್ನು ನೆನೆಸಿಕೊಳ್ಳಲಿಲ್ಲ.

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಹೊಸದೊಂದು ನಡೆಯಿತು. ಒಂದು ಬೆಳಿಗ್ಗೆ ಹೆಂಡತಿ ಟೀ ಲೋಟ ಕೈಗಿಟ್ಟಳು, ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಮೊದಮೊದಲು ದೊರೆ ಗೆದ್ದೆನೆಂದು ಬೀಗಿದ. ಅಂತೂ ಬಾಯಿ ಮುಚ್ಚಿಸಿದೆ ಎಂದುಕೊಂಡು ಮೀಸೆ ತಿರುವಿದ. ವಾರ ಕಳೆಯುವಷ್ಟರಲ್ಲಿ ಟೀ ಗಂಟಲಲ್ಲಿ ಇಳಿಯದಾಯಿತು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಅದೇ ಅವನನ್ನು ಕಾಡಿದ್ದು. ಕೆಲಸದಲ್ಲಿ ಕೂತಿದ್ದರೂ ಮನಸ್ಸು ಆ ಮೌನದ ಸುತ್ತಲೇ ಸುತ್ತುತ್ತಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅಂಗಳದ ಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚಿ ಕೂತಿದ್ದಾಗ, ಅವನೇ ಕೇಳಿದ.

“ಏನೇ, ಈಚೆಗೆ ನನಗೆ ಏನೂ ಹೇಳ್ತಾನೇ ಇಲ್ಲ?”

ಅವಳು ತುತ್ತನ್ನು ಕೆಳಗಿಟ್ಟಳು. “ನಿಮಗೆ ಹೇಳಿ ಹೇಳಿ ನನ್ನ ಬಾಯಿ ಸೋತುಹೋಯ್ತು ರೀ. ಈಗ ಅವನಿಗೇ ಹೇಳ್ತೀನಿ.”

“ಏನಂತ?”

“ನಾನು ಸತ್ತ ಮೇಲೆ ಹೋಗೋ ಕಡೆ ಇವರು ಇರಲ್ಲವಲ್ಲ ತಂದೆ, ಇಷ್ಟು ವರ್ಷ ಜೊತೇಲಿ ಬಾಳಿ ಅಲ್ಲಿ ನಾನು ಒಬ್ಬಳೇ ಹೇಗೆ ಇರಲಿ ಅಂತ.” ಅಷ್ಟು ಹೇಳಿ, ಡಬ್ಬಿ ತೊಳೆದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತನ್ನ ರೋಲರಿನ ಕಡೆ ಹೊರಟುಹೋದಳು.

ದೊರೆ ಕೋಣೆಗೆ ಬಂದ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ತಲೆಯೆತ್ತಿ ನೋಡಿದರೆ ಮೇಲೆ ವಾಲ್ವೂ ಸದ್ದಿಲ್ಲದೆ ಕೂತಿತ್ತು, ಕೊರಳಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿಕೊಂಡು. ಆಗ ಅವನಿಗೆ ಹೊಳೆಯಿತು. ವಾಲ್ವನ್ನು ವಾರಕ್ಕೊಮ್ಮೆ ಕೈಯಾರೆ ಎತ್ತಿ ಕೂಗಿಸಬೇಕು. ಕೂಗಿದರೆ ಜೀವಂತವಾಗಿದೆ ಎಂದರ್ಥ, ಕೂಗದಿದ್ದರೆ ಎಲ್ಲಾದರೂ ಅಂಟಿಕೊಂಡಿದೆ ಎಂದರ್ಥ. ಬೂದಿ ಹೊರುವ ಕಾಲದಲ್ಲೇ ಕಲಿತ ಪಾಠ ಇದು. ಪೆಟ್ಟಿಗೆ ಕಟ್ಟಿದ ಮೇಲೆ ಅವನು ಒಂದು ಸಲವೂ ಅದನ್ನು ಎತ್ತಿರಲಿಲ್ಲ. ತಿಂಗಳುಗಟ್ಟಲೆಯ ಆ ಸದ್ದಿಲ್ಲದ ದಿನಗಳನ್ನು ನೆಮ್ಮದಿ ಎಂದುಕೊಂಡಿದ್ದ.

ಏಣಿ ಹತ್ತಿದ. ತಂತಿ ಬಿಚ್ಚಿ ಇಸ್ತ್ರಿಪೆಟ್ಟಿಗೆಯನ್ನು ಇಳಿಸಿದ. ಸನ್ನೆಕೋಲು ಕೈಯಿಂದ ಎತ್ತಿದ. ಅಲುಗಲಿಲ್ಲ. ಹಲ್ಲು ಕಚ್ಚಿ ಎರಡೂ ಕೈ ಹಾಕಿದ. ಅದು ಕಚ್ಚಿಕೊಂಡುಬಿಟ್ಟಿತ್ತು. ಕೆಳಗೆ ಗೇಜಿನ ಮುಳ್ಳು ಎಂದಿನ ಹಾಗೆ, ಎಲ್ಲ ಸರಿಯಾಗಿದೆ ಎನ್ನುತ್ತ, ಕೆಂಪು ಗೆರೆಯ ಎಷ್ಟೋ ಕೆಳಗೆ ನಿಂತಿತ್ತು. ತಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಗೋಡೆಯಾಚೆಯಿಂದ ಹೆಂಡತಿ ಯಾರಿಗೋ ಶೀಟು ನೇರ ಹಿಡಿಯಲು ಹೇಳುತ್ತಿದ್ದುದೂ ಕೇಳಿಸಿತು.

ಈಗ ಅವನು ಮಾಡಿದ್ದನ್ನು ಮೆಚ್ಚಲೇಬೇಕು. ಮರ್ಯಾದೆ ಉಳಿಸಿಕೊಳ್ಳುವವನಾಗಿದ್ದರೆ ಪೆಟ್ಟಿಗೆಯನ್ನು ಸೌದೆಯ ಹಿಂದೆ ಬಚ್ಚಿಟ್ಟು, ಉರಿ ತಗ್ಗಿಸಿ, ಸಂಜೆ ಗುಟ್ಟಾಗಿ ರಿಪೇರಿ ನೋಡಿಕೊಳ್ಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೊರೆ ಮಾತ್ರ ಏಣಿಯಿಂದ ಇಳಿದವನೇ ಇಸ್ತ್ರಿ ಹಾಲಿಗೆ ಓಡಿ, ಯಾವತ್ತೂ ಯಾರನ್ನೂ ಬೇಡದ ದನಿಯಲ್ಲಿ ಬೇಡಿದ.

“ಎಲ್ಲರೂ ಹೊರಗೆ ನಡೀರಿ. ಬಟ್ಟೆ ಅಲ್ಲೇ ಇರಲಿ. ಗೇಟಿನ ಹತ್ರ ಹೋಗಿ. ದಮ್ಮಯ್ಯ, ಬೇಗ!”

ಹೆಂಡತಿ ಅವನ ಮುಖ ನೋಡಿದಳು, ಒಂದೂ ಪ್ರಶ್ನೆ ಕೇಳದೆ ಉಳಿದವರನ್ನು ತಳ್ಳಿಕೊಂಡು ಹೊರಟಳು. ಅವನು ಒಳಗೆ ಹಿಂದಿರುಗಿ ಒಲೆಗೆ ಗಾಳಿ ಹೋಗುವ ದಾರಿ ಮುಚ್ಚಿದ, ಕೋಲು ಹಾಕಿ ಕೆಂಡವನ್ನೆಲ್ಲ ಎಳೆದ. ಕಾಲ ಮೇಲೆ ಕಿಡಿ ಹಾರಿದರೂ ನಿಲ್ಲಲಿಲ್ಲ. ಬಾಯ್ಲರ್ ಹೊಟ್ಟೆಯೊಳಗೆ ಗೊರಗೊರ ಎನ್ನುತ್ತಿತ್ತು. ಓಡಿಹೋಗಲು ಬಾಗಿಲು ತೆರೆದೇ ಇತ್ತು. ಕೊನೆಯ ಕೆಂಡ ಹೊರಗೆ ಬರುವವರೆಗೆ ಅವನು ಅಲ್ಲಿಂದ ಕದಲಲಿಲ್ಲ.

ಉರಿ ಸತ್ತ ಒಲೆಯ ಮುಂದೆ ನೆಲದ ಮೇಲೆ ಕೂತ. ಬೆವರು, ಕಣ್ಣೀರು, ಬೂದಿ ಎಲ್ಲ ಒಂದಾಗಿತ್ತು. ಇಷ್ಟು ವರ್ಷ ತಾನು ಸರಿ ಎಂದು ತೋರಿಸುತ್ತಿದ್ದದ್ದು ತನ್ನದೇ ಗೇಜು. ಕೂಗಿ ಎಚ್ಚರಿಸಿದವರ ಬಾಯಿಯನ್ನೆಲ್ಲ ಒಂದೊಂದಾಗಿ ಮುಚ್ಚಿಸಿದ್ದ, ತಮ್ಮನದನ್ನು ಏಟಿನಿಂದ, ಅಯ್ಯನವರದನ್ನು ನಗುವಿನಿಂದ, ಹೆಂಡತಿಯದನ್ನು ಕೊಂಕಿನಿಂದ. ತಮ್ಮನಿಗೆ ಹೊಡೆದ ಬಲಗೈಯನ್ನು ನೋಡಿಕೊಂಡ. ಅಂಥ ಕೈಗಳಿಗಾಗಿ ತನ್ನ ಕೈಗಳಿಗೆ ಮೊಳೆ ಹೊಡೆಸಿಕೊಂಡವನೊಬ್ಬ ಇದ್ದಾನೆ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳು! ಆ ಮಾತು ಅಂದು ಮೊದಲ ಬಾರಿಗೆ ಅವನ ಕಿವಿ ದಾಟಿ ಒಳಗೆ ಇಳಿಯಿತು.

“ಯೇಸುಸ್ವಾಮೀ,” ಎಂದ. ಪ್ರಾರ್ಥನೆ ಹೇಗೆ ಮಾಡುತ್ತಾರೋ ಅವನಿಗೆ ಗೊತ್ತಿರಲಿಲ್ಲ. “ನನಗೆ ಯಾರೂ ಏನೂ ಹೇಳಬಾರದು ಅಂತಿದ್ದೆ. ತಪ್ಪಾಯ್ತು. ಕೆಟ್ಟುಹೋಗಿದ್ದೀನಿ, ನನ್ನ ಕೈಲಿ ರಿಪೇರಿ ಆಗಲ್ಲ. ನೀನೇ ಉಳಿಸು. ಇನ್ಮೇಲೆ ನೀನು ಹೇಳು, ನಾನು ಕೇಳ್ತೀನಿ.” ಅಷ್ಟೇ. ಅತ್ತು ಮುಗಿದಾಗ ಎದೆಯ ಮೇಲಿನ ಭಾರವೊಂದು ಇಳಿದ ಹಾಗಿತ್ತು. ಅದು ಎಷ್ಟು ಭಾರವಾಗಿತ್ತೆಂದು ಇಳಿದ ಮೇಲೇ ಅವನಿಗೆ ತಿಳಿದದ್ದು.

ಹೊರಗೆ ಮ್ಯಾನೇಜರ್ ಕೆಂಡಾಮಂಡಲವಾಗಿದ್ದ. “ಆಸ್ಪತ್ರೆಯವರಿಗೆ ನಾನೇನು ಹೇಳಲಿ? ಯಾರನ್ನ ಕೇಳಿ ನಿಲ್ಲಿಸಿದೆ?” ಎಂದು ಕೂಗಾಡಿದ. ದೊರೆ ಇಸ್ತ್ರಿಪೆಟ್ಟಿಗೆಯನ್ನು ಅವನ ಕಾಲ ಬಳಿ ಇಟ್ಟ.

“ಇದನ್ನ ವಾಲ್ವಿಗೆ ಕಟ್ಟಿದ್ದೆ ಸಾರ್. ನಾನೇ. ನನ್ನ ತಮ್ಮ ಬೇಡ ಅಂದ, ಕೇಳಲಿಲ್ಲ. ತಪ್ಪಾಯ್ತು, ಏನು ಶಿಕ್ಷೆ ಬೇಕಾದ್ರೂ ಕೊಡಿ. ವಾಲ್ವು, ಗೇಜು ಎರಡೂ ಸರಿಯಾಗೋವರೆಗೆ ಒಲೆ ಹಚ್ಚಲ್ಲ.”

ದೊರೆಯ ಬಾಯಿಂದ ತಪ್ಪಾಯ್ತು ಎಂಬ ಮಾತು! ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಯಾರಿಗೂ ಕಾಯದೆ, ಮಸಿ ಮುಖದಲ್ಲೇ, ಇಷ್ಟು ದಿನ ತುಳಿಯದಿದ್ದ ದಾರಿ ಹಿಡಿದು ತಮ್ಮನ ಶೆಡ್ಡಿಗೆ ಹೋದ. ತಮ್ಮ ಯಾವುದೋ ಕಬ್ಬಿಣದ ಗೇಟಿಗೆ ಬೆಸುಗೆ ಹಾಕುತ್ತಿದ್ದ. ತಲೆಯೆತ್ತಿ ಅಣ್ಣನನ್ನು ನೋಡಿದ, ಕೈಯಲ್ಲಿದ್ದ ಟವೆಲ್ ನೋಡಿದ, ಬೂದಿ ಮೆತ್ತಿದ ಕಾಲು ನೋಡಿದ.

“ಬೆಂಕಿ ಎಳೆದ್ಯಾ?” ಅದೇ ಅವನ ಮೊದಲ ಮಾತು.

“ಎಳೆದೆ.”

“ಅತ್ತಿಗೆ?”

“ಹೊರಗಿದ್ದಾಳೆ. ಎಲ್ಲರೂ ಹೊರಗಿದ್ದಾರೆ. ಲೋ, ನಾನು ನಿನಗೆ...”

“ಆಮೇಲೆ ಹೇಳುವಿಯಂತೆ. ನಡಿ, ಮೊದಲು ನೋಡೋಣ,” ಎಂದು ತಮ್ಮ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿದ.

ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ, ಮರುದಿನ, ತಮ್ಮ ಗೇಜಿನ ಪೈಪ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಸುಣ್ಣದಂಥ ಗಸಿ ಗಟ್ಟಿಯಾಗಿ ಉದುರಿತು. ನಾನು ಹೇಳಿರಲಿಲ್ವಾ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿ ಇತ್ತೋ ಏನೋ, ಹೊರಗೆ ಬರಲಿಲ್ಲ. ಬಾಯ್ಲರ್ ಒಡೆಯುತ್ತಿತ್ತೋ, ಇನ್ನೂ ಎಷ್ಟು ದಿನ ತಡೆಯುತ್ತಿತ್ತೋ ಯಾರಿಗೆ ಗೊತ್ತು? ಕಿವಿಗೊಟ್ಟ ಎಚ್ಚರಿಕೆಗೆ ಪುರಾವೆ ಎಲ್ಲಿಂದ ತರುವುದು! ಹೆಂಗಸರು ಹಿಂದಿನ ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಊಟ ಬಡಿಸಿದ್ದರು, ಅಷ್ಟೇ.

ದೊರೆಗೆ ಇನ್ನೊಂದು ಕೆಲಸ ಬಾಕಿ ಇತ್ತು. ತಮ್ಮನ ಕೈ ಹಿಡಿದು ಇಸ್ತ್ರಿ ಹಾಲಿಗೆ ಕರೆತಂದ. ಮೊದಲನೆಯ ರೋಲರಿನ ಮುಂದೆ, ಅಂದು ಹೊಡೆದ ಜಾಗದಲ್ಲೇ, ಅಂದು ನೋಡಿದ ಹೆಂಗಸರ ಎದುರಿಗೇ ನಿಂತ.

“ಇಲ್ಲಿ ಎಲ್ಲರ ಮುಂದೆ ಇವನಿಗೆ ಹೊಡೆದೆ. ಮನೇಲಿ ಗುಟ್ಟಾಗಿ ಕ್ಷಮೆ ಕೇಳಿದ್ರೆ ಅದು ನ್ಯಾಯ ಅಲ್ಲ. ತಪ್ಪು ನಂದು. ಇವನು ನಿಮ್ಮೆಲ್ಲರ ಜೀವ ಉಳಿಸೋಕೆ ಹೇಳಿದ. ನಾನು ನನ್ನ ಜಂಭ ಉಳಿಸ್ಕೊಂಡೆ. ಕ್ಷಮಿಸೋ ತಮ್ಮಾ.” ಬಗ್ಗಿ ತಮ್ಮನ ಕಾಲು ಮುಟ್ಟಲು ಹೋದ. ತಮ್ಮ ಅವನನ್ನು ಅರ್ಧದಲ್ಲೇ ಹಿಡಿದೆತ್ತಿ ತಬ್ಬಿಕೊಂಡ. “ಏನ್ ಅಣ್ಣಾ ನೀನು, ಎಲ್ಲರ ಮುಂದೆ ನನ್ನನ್ನ ಅಳಿಸ್ತೀಯ,” ಎಂದು ಬೈದ. ಹೆಂಗಸರೆಲ್ಲ ಮೂಗೆಳೆದುಕೊಳ್ಳುತ್ತ, ಕೈಗೆ ಸಿಕ್ಕ ಆಸ್ಪತ್ರೆಯ ಶೀಟುಗಳಲ್ಲೇ ಕಣ್ಣೊರೆಸಿಕೊಂಡರು. ಅವನ್ನೆಲ್ಲ ಮತ್ತೆ ಒಗೆಯಬೇಕಾಯಿತು.

ಕೆಲವು ದಿನ ಅವನನ್ನು ಕೆಲಸದಿಂದ ದೂರ ಇಟ್ಟರು. ಆ ಭಾನುವಾರ ಟೈರ್ ಅಂಗಡಿಯ ಮೇಲಿನ ಕೋಣೆಗೆ ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಅಯ್ಯನವರ ಹಣೆ ನೋಡಿ, ಅವರು ನಕ್ಕ ಮೇಲೆ ತಾನೂ ನಕ್ಕ. ಮುಂದೆ ದೀಕ್ಷಾಸ್ನಾನದ ದಿನ ನೀರಿನಿಂದ ಎದ್ದವನಿಗಾಗಿ ಒಣ ಟವೆಲ್ ಹಿಡಿದು ಕಾದಿದ್ದವನು ತಮ್ಮ. ಸಭೆಯಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಿ ಎಂದರೆ ಉಳಿದವರು ಉದ್ದುದ್ದ ಹೇಳುವರು. ದೊರೆಯದು ಯಾವಾಗಲೂ ಇಷ್ಟೇ. “ಹೇಳಿದ್ರು, ಕೇಳಲಿಲ್ಲ. ಆದ್ರೂ ಹೇಳೋದನ್ನ ಬಿಡಲಿಲ್ಲ. ಕೊನೆಗೆ ಕೇಳಿದೆ. ಸ್ವಾಮಿ ಉಳಿಸಿದ.” ಕೂತುಬಿಡುವನು.

ಕೆಲಸಕ್ಕೆ ಮರಳಿದ ಮೇಲೆ ಆ ಕುರ್ಚಿಯನ್ನು ಇಸ್ತ್ರಿ ಹಾಲಿಗೆ ಹೊತ್ತುಕೊಂಡು ಹೋಗಿ, ಸರದಿಯ ಮೇಲೆ ಕೂರಿ ಎಂದು ಹೆಂಗಸರಿಗೆ ಕೊಟ್ಟ. ಪ್ರತಿ ಸೋಮವಾರ ಬೆಳಿಗ್ಗೆ ಹೊಸ ವಾಲ್ವನ್ನು ಕೈಯಿಂದ ಎತ್ತಿ ಕೂಗಿಸುವನು. ಕಿವಿ ಕಿತ್ತುಹೋಗುವಂಥ ಕೂಗು. ಮ್ಯಾನೇಜರ್ ಕಿವಿ ಮುಚ್ಚಿಕೊಂಡು ಬೈದರೆ, “ಕೂಗಲಿ ಬಿಡಿ ಸಾರ್, ಇದಕ್ಕಿಂತ ಚೆಂದದ ಸದ್ದು ಇನ್ನೊಂದಿಲ್ಲ,” ಎನ್ನುವನು. ಮನೆಯಲ್ಲಿ ಟೀ ಲೋಟದ ಜೊತೆ ಹೆಂಡತಿಯ ಮಾತೂ ಮರಳಿ ಬಂದಿತ್ತು, ಬಡ್ಡಿ ಸಮೇತ. ಒದ್ದೆ ಟವೆಲ್ ಎಲ್ಲಿ ಹಾಕಬೇಕು ಎನ್ನುವುದರಿಂದ ಹಿಡಿದು ಯಾರ ಜೊತೆ ಹೇಗೆ ಮಾತಾಡಬೇಕು ಎನ್ನುವವರೆಗೆ. “ಕೇಳ್ತೀನಿ ಅಂದಿದ್ದು ಸ್ವಾಮಿಗೆ, ನಿನಗಲ್ಲ,” ಎಂದು ಗೊಣಗುವನು. ಗೊಣಗಿಕೊಂಡೇ ಟವೆಲ್ ಹಗ್ಗಕ್ಕೆ ಹಾಕುವನು.

ಅವನಿಗಿಂತ ಮೊದಲು ಹೊರಟವಳು ಅವಳೇ. ಅದೇ ಆಸ್ಪತ್ರೆಯಲ್ಲಿ, ಅವಳದೇ ರೋಲರಿನಿಂದ ಬಂದ ಗರಿಗರಿ ಶೀಟಿನ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ. ಮೈದುನ ಕಾಲ ಬಳಿ ನಿಂತಿದ್ದ. ಅವಳು ಕಣ್ಣುಬಿಟ್ಟು ಗಂಡನನ್ನು ಹುಡುಕಿದಳು.

“ರೀ, ಒಂದು ಮಾತು.”

“ಹೇಳೇ, ಕೇಳ್ತಿದ್ದೀನಿ.” ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ.

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ನಕ್ಕಳು. “ಏನೂ ಇಲ್ಲ. ಹೇಳೋದೆಲ್ಲ ಆಯ್ತು. ನಾನು ಹೋಗೋ ಕಡೆಗೆ ನೀವೂ ಬರ್ತೀರಿ, ಗೊತ್ತು ನನಗೆ. ಅವಸರ ಮಾಡಬೇಡಿ, ಸೋಮವಾರ ವಾಲ್ವ್ ನೋಡಬೇಕಲ್ಲ.”

ಆಮೇಲೆ ಅವಳು ಮಾತಾಡಲಿಲ್ಲ. ಆ ಮೌನಕ್ಕೆ ದೊರೆ ಹೆದರಲಿಲ್ಲ. ತನ್ನ ಬಲಗೈಯಲ್ಲಿ ಅವಳ ಕೈಯನ್ನಿಟ್ಟುಕೊಂಡು, ಅದು ತಣ್ಣಗಾದ ಮೇಲೂ ಬಹಳ ಹೊತ್ತು ಹಾಗೆಯೇ ಕೂತಿದ್ದ. ಸೋಮವಾರ ಬೆಳಿಗ್ಗೆ ಇಸ್ತ್ರಿ ಹಾಲಿನ ಹೆಂಗಸರು ಕೆಲಸ ಶುರುಮಾಡದೆ ಗೋಡೆಯ ಕಡೆ ಕಿವಿಯಿಟ್ಟು ನಿಂತಿದ್ದರು. ವಾಲ್ವ್ ಕೂಗಿತು.